ಒಂದು ಮೊರ ತೌಡು

ಜುಲೈ 19, ಶುಕ್ರವಾರ

ನದಿ ಓಣಿಗೆ ಮತ್ತೆ ನೀರು ನುಗ್ಗಿದೆ. ಬೆಳಿಗ್ಗೆ ಆಟೋದಲ್ಲಿ ಮೈಕು ಕಟ್ಟಿಕೊಂಡು ಬಂದು, ‘ಸಾರ್ವಜನಿಕರು ಸುರಕ್ಷಿತ ಸ್ಥಳಗಳಿಗೆ ತೆರಳಬೇಕು’ ಎಂದು ಸಾರಿದರು. ಆಗಲೇ ಓಣಿಯ ಅರ್ಧ ಜನ ಮಕ್ಕಳನ್ನು ಹೆಗಲ ಮೇಲೆ ಹೊತ್ತು ನಮ್ಮ ರಸ್ತೆಗೆ ಏರಿ ಬಂದಿದ್ದರು. ನಾನು ಹೊನ್ನಾಳಿಯ ಹೈಸ್ಕೂಲಿಗೆ ಪಾಠ ಮಾಡಲು ಬಂದ ವರ್ಷವೇ ಒಬ್ಬ ಶಾಸಕ ಮಹಾಶಯರು ಮೊಣಕಾಲುದ್ದದ ಇದೇ ನೀರಿನಲ್ಲಿ ನಿಂತು ಫೋಟೊ ತೆಗೆಸಿಕೊಂಡು, ಈ ಜನರಿಗೆ ಎತ್ತರದಲ್ಲಿ ನಿವೇಶನ ಕೊಡಿಸುತ್ತೇನೆ ಎಂದಿದ್ದರು. ಅವರ ನಂತರ ಬಂದವರೂ ಅದನ್ನೇ ಹೇಳಿದರು. ಅವರ ಅಳಿಯನೂ ಹೇಳಿದ. ರಿಟೈರಾದ ಮೇಲೂ ಎಲ್ಲರ ಮಾತೂ ನನಗೆ ನೆನಪಿದೆ. ಆಡಿದವರಿಗೆ ಮಾತ್ರ ಇಲ್ಲ.

ಎಲ್ಲರನ್ನೂ ಹಳೇ ಹಾಸ್ಟೆಲ್ ಕಟ್ಟಡದ ಗಂಜಿ ಕೇಂದ್ರಕ್ಕೆ ಸಾಗಿಸಿದ್ದಾರೆ. ಮಧ್ಯಾಹ್ನ ಅಂಬಲಿ, ಮೊಟ್ಟೆ ತೆಗೆದುಕೊಂಡು ಹೋದೆ. ಗಾದ್ರಮ್ಮ ಮೂಲೆಯಲ್ಲಿ ಚಾಪೆ ಹಾಸಿಕೊಂಡಿದ್ದಾಳೆ. ಅವಳ ಮನೆಯ ಹಿಂದಿನ ಗೋಡೆ ಕುಸಿದಿದೆಯಂತೆ. ಗಂಡ ಕೆಂಚೇಶ್ ಮರಳಿನ ಲಾರಿ ಹತ್ತಿ ಹೋದವನು ಚಿಕ್ಕ ಮಗುವಿನ ಮುಖವನ್ನೇ ನೋಡಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಖಾನಾವಳಿಯಲ್ಲಿ ಪಾತ್ರೆ ತಿಕ್ಕಿ ಎರಡು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಾಳೆ. ದೊಡ್ಡವಳು ರಕ್ಷಾ, ನಾಲ್ಕನೇ ಕ್ಲಾಸು. ಚಿಕ್ಕವಳು ಅರ್ಪಿತಾ, ಇನ್ನೂ ಎರಡು ತುಂಬಿಲ್ಲ. ನಡುವೆ ಹುಟ್ಟಿದ ಎರಡು ಗಂಡು ಉಳಿಯಲಿಲ್ಲ.

ಅರ್ಪಿತಾ ಎಂಬುದು ನಾನಿಟ್ಟ ಹೆಸರು. ಒಂದು ವರ್ಷದಿಂದ ಪ್ರತಿ ಬೆಳಿಗ್ಗೆ ರಕ್ಷಾ ಅವಳನ್ನು ಎತ್ತಿಕೊಂಡು ನಮ್ಮ ಜಗಲಿಗೆ ಬರುತ್ತಾಳೆ. ರಾಗಿ ಅಂಬಲಿ, ಒಂದು ಮೊಟ್ಟೆ. ಬೇರೆ ಯಾರು ತುತ್ತಿಟ್ಟರೂ ಬಾಯಿ ಬಿಗಿಹಿಡಿಯುವ ಮಗು ನನ್ನ ಕೈ ಕಂಡರೆ ತಾನೇ ಬಾಯಿ ತೆರೆಯುತ್ತದೆ. ಇಂದೂ ಆ ಗದ್ದಲದ ನಡುವೆ ನನ್ನ ದನಿ ಕೇಳಿ ತಿರುಗಿತು. ಗಾದ್ರಮ್ಮ ನೋಡಿದಳು. ಪಕ್ಕದ ಚಾಪೆಯ ಶಂಕರಮ್ಮನೂ ನೋಡಿದಳು. ನೋಡಲಿ ಎಂದೇ ಸ್ವಲ್ಪ ನಿಧಾನವಾಗಿ ತಿನ್ನಿಸಿದೆ.

ಜುಲೈ 21, ಭಾನುವಾರ

ಅಂಗನವಾಡಿಯ ನೇತ್ರಾವತಿ ಕೇಂದ್ರಕ್ಕೆ ಬಂದು ಮಕ್ಕಳ ತೋಳನ್ನೆಲ್ಲ ಪಟ್ಟಿಯಿಂದ ಅಳೆದಳು. ಹಸಿರಿಗೆ ಬಂದರೆ ಚೆನ್ನ, ಹಳದಿಗೆ ಬಂದರೆ ಎಚ್ಚರಿಕೆ, ಕೆಂಪಿಗೆ ಬಂದರೆ ಅಪಾಯ. ಅರ್ಪಿತಾಳದು ಕೆಂಪು.

"ದಾವಣಗೆರೆ ದೊಡ್ಡಾಸ್ಪತ್ರೆಯಾಗೆ ಇಂಥಾ ಮಕ್ಕಳಿಗೇ ಅಂತ ಒಂದು ವಾರ್ಡ್ ಐತೆ. ಎರಡು ವಾರ ಇರಬೇಕು. ಊಟ, ಔಷಧಿ ಎಲ್ಲಾ ಅವರದೇ. ಆದ್ರೆ ತಾಯಿ ಜತೆಗಿರಬೇಕು ನೋಡು" ಎಂದಳು.

"ಎರಡು ವಾರ!" ಗಾದ್ರಮ್ಮ ನಕ್ಕಳು. ನಗುವಂಥದ್ದು ಏನೂ ಇರಲಿಲ್ಲ. "ಎರಡು ದಿನ ಹೋಗದಿದ್ರೆ ಖಾನಾವಳಿ ಸಾವ್ಕಾರ ಬ್ಯಾರೇರನ್ನ ಹಚ್ಚತಾನೆ. ಬಿದ್ದಿರೋ ಗ್ವಾಡೆ ನೋಡಿ ಪರಿಹಾರ ಬರಕಳಾಕೆ ಕಂದಾಯದೋರು ಯಾವಾಗ ಬರ್ತಾರೋ. ಮನೇರು ಇಲ್ಲ ಅಂದ್ರೆ ಹಂಗೇ ದಾಟಿ ಹೋಗ್ತಾರೆ. ಹೋದ ಸಲ ನಮ್ಮತ್ತೆ ಆಸ್ಪತ್ರೆಗೆ ಹೋದಾಗ ಹಂಗೇ ಆತು. ರಕ್ಷಾನ್ನ ಯಾರತ್ರ ಬಿಡ್ಲಿ?"

"ನನ್ನ ಹತ್ತಿರ ಬಿಡು" ಎಂದೆ. "ಅರ್ಪಿತಾಳನ್ನೂ ನಾನೇ ಕರೆದುಕೊಂಡು ಹೋಗಿ ವಾರ್ಡಿನಲ್ಲಿರುತ್ತೇನೆ, ಬೇಕಾದರೆ."

ಗಾದ್ರಮ್ಮ ಮಗುವಿನ ಅಂಗಿಯ ಗುಂಡಿ ಹಾಕುತ್ತ ಕೂತಳು. ಮೊದಲೇ ಹಾಕಿದ್ದ ಗುಂಡಿ ಅದು.

ಶಂಕರಮ್ಮ ನಡುವೆ ಬಾಯಿ ಹಾಕಿದಳು. ಬಸ್ ಸ್ಟ್ಯಾಂಡಿನ ಬಳಿ ಮಂಡಕ್ಕಿ ಮಿರ್ಚಿ ಅಂಗಡಿ ಇಟ್ಟುಕೊಂಡಿರುವವಳು. ಅವಳ ಮಾತು ನದಿಯ ಆಚೆ ದಡಕ್ಕೂ ಕೇಳುತ್ತದೆ. "ಆಸ್ಪತ್ರೆ ಗೀಸ್ಪತ್ರೆ ಆಮ್ಯಾಲೆ. ಎರಡು ಕೂಸು ಕಳಕಂಡ ಹೊಟ್ಟೆ ಇದು. ಇದಕ್ಕೆ ಮಾಡಬೇಕಾದ್ದು ಮಾಡಿಲ್ಲ ಇನ್ನೂ. ಅದ್ಕೇ ಮೈ ಹತ್ತವಲ್ದು."

ಮಾಡಬೇಕಾದ್ದು ಏನು ಎಂದು ಕೇಳಲಿಲ್ಲ. ಇಂಥವರ ಜೊತೆ ವಾದಿಸಿಯೇ ಆಯುಷ್ಯ ಕಳೆದಿದ್ದೇನೆ.

ಜುಲೈ 23, ಮಂಗಳವಾರ

ಇದನ್ನು ಇವತ್ತೇ ಬರೆದಿಡುತ್ತೇನೆ.

ಬೆಳಿಗ್ಗೆ ಅಂಬಲಿ ತೆಗೆದುಕೊಂಡು ಹೋದಾಗ ಹಾಸ್ಟೆಲಿನ ಹೊಸ್ತಿಲ ಬಳಿ ಹೆಂಗಸರು ಗುಂಪುಗೂಡಿದ್ದರು. ನಡುವೆ ಒಂದು ಮೊರ, ಮೊರದಲ್ಲಿ ಅರ್ಪಿತಾ. ಗಾದ್ರಮ್ಮ ಮುಖ ಆಚೆ ತಿರುಗಿಸಿಕೊಂಡು ಹೇಳುತ್ತಿದ್ದಳು: "ಈ ಕೂಸು ನಂದಲ್ಲ. ತಿಪ್ಪೆಯಾಗೆ ಸಿಕ್ಕಿದ್ದು. ಯಾರಾರ ತಗಂತೀರಾ?"

ಹೊಸ್ತಿಲ ಆಚೆಯಿಂದ ಶಂಕರಮ್ಮ, "ಏನು ಕೊಡಬೇಕು?" ಎಂದಳು.

"ಒಂದು ಮೊರ ತೌಡು."

"ಕೊಂಡೆ!"

ತೌಡು ಸುರಿದರು. ಮಗುವನ್ನು ಎತ್ತಿಕೊಟ್ಟರು. ಹೆಂಗಸರು ಸೋಬಾನೆಯ ಒಂದು ಸಾಲನ್ನೂ ಎಳೆದರು. ನಮ್ಮಜ್ಜಿಯ ಕಾಲದಲ್ಲಿ ಬಸವಾಪಟ್ಟಣದಲ್ಲಿ ಇದನ್ನು ನೋಡಿದ್ದೇನೆ. ಮಕ್ಕಳು ಉಳಿಯದ ಮನೆಯಲ್ಲಿ ಹೀಗೆ ಮಾಡುತ್ತಾರೆ. ತಾಯಿಗೇ ಬೇಡವಾದ, ತೌಡಿನಷ್ಟೇ ಬೆಲೆಯ ಮಗುವನ್ನು ಒಯ್ದು ಸಾವಿಗೇನು ಲಾಭ ಎಂದು ಸಾವಿಗೇ ಮೋಸ ಮಾಡುವ ಉಪಾಯ. ಮಗು ಹೆತ್ತವಳ ಮನೆಯಲ್ಲೇ ಬೆಳೆಯುತ್ತದೆ. ಆದರೆ ಕೊಂಡವಳೂ ತಾಯಿಯೇ. ದಿನದ ಮೊದಲ ತುತ್ತು ಅವಳ ಕೈಯಿಂದಲೇ ಆಗಬೇಕು. ಐದು ತುಂಬಿದ ಮೇಲೆ ಹೆತ್ತವಳು ಸೀರೆ ಕೊಟ್ಟು ಬಿಡಿಸಿಕೊಳ್ಳಬೇಕು.

ಈ ಕಾಲದಲ್ಲಿ! ತೋಳಿನ ಪಟ್ಟಿ ಕೆಂಪು ತೋರಿಸಿದ ಎರಡನೇ ದಿನ! ನಾನು ಸುಮ್ಮನಿರಲಿಲ್ಲ. ನಾಚಿಕೆಯಾಗುವುದಿಲ್ಲವೇ ಎಂದೆ. ಮಗುವಿಗೆ ಬೇಕಾದ್ದು ಆಹಾರ, ತೌಡಲ್ಲ ಎಂದೆ. ಇನ್ನೂ ಏನೇನೋ ಎಂದೆ.

ಶಂಕರಮ್ಮ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನಕ್ಕಳು. "ಯಾಕ್ರೀ ಟೀಚರಮ್ಮ, ನಿಮಗೂ ಬೇಕಾಗಿತ್ತಾ? ಮೊದ್ಲೇ ಹೇಳಬಾರದಾ? ಆದ್ರೆ ಪಾಕೀಟ್ ಹಿಟ್ಟಿನ ಮನೆಯಾಗೆ ತೌಡು ಎಲ್ಲಿಂದ ತರ್ತಿದ್ರಿ?"

ಎಲ್ಲರೂ ನಕ್ಕರು. ಗಾದ್ರಮ್ಮ ನಗಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

ಹೆಸರನ್ನೂ ಬದಲಾಯಿಸಿದ್ದಾರೆ. ತೌಡಮ್ಮ. ನಾನು ಮೂರು ದಿನ ಯೋಚಿಸಿ ಇಟ್ಟ ಹೆಸರು ಒಂದು ಗಳಿಗೆಯಲ್ಲಿ ಹೋಯಿತು. ಅಂಬಲಿಯ ಡಬ್ಬಿ ತೆರೆದೆ. ಮೊದಲ ತುತ್ತು ಆಗಿಲ್ಲ, ತಡೀರಿ ಎಂದರು. ಶಂಕರಮ್ಮ ಚಹಾದಲ್ಲಿ ಬನ್ನು ಅದ್ದಿ ಇಟ್ಟಳು. ಮಗು ಬಾಯಿ ಬಿಗಿಹಿಡಿಯುತ್ತದೆ ಎಂದು ಕಾದೆ. ತಿಂದಿತು. ಎರಡನೆಯದಕ್ಕೂ ಬಾಯಿ ತೆರೆಯಿತು.

ಡಬ್ಬಿ ಮುಚ್ಚಿಕೊಂಡು ಬಂದೆ.

ಜುಲೈ 24, ಬುಧವಾರ

ಹೋಗಲಿಲ್ಲ.

ಪತ್ರಿಕೆಗೆ ‘ಗಂಜಿ ಕೇಂದ್ರದಲ್ಲಿ ಮೂಢನಂಬಿಕೆ’ ಎಂದು ಪತ್ರ ಬರೆದೆ. ಓದಿ ನೋಡಿದರೆ ಮೂಢನಂಬಿಕೆ ತಲೆಬರಹದಲ್ಲಿ ಮಾತ್ರ ಇದೆ. ಉಳಿದದ್ದೆಲ್ಲ ಶಂಕರಮ್ಮ. ಕಳಿಸಲಿಲ್ಲ.

ಜುಲೈ 26, ಶುಕ್ರವಾರ

ರಕ್ಷಾ ಬಂದಿದ್ದಳು, ಒಬ್ಬಳೇ. ಶಾಲೆಗೆ ರಜೆ ಕೊಟ್ಟಿದ್ದಾರೆ. ದೋಸೆ ಹಾಕಿಕೊಟ್ಟೆ. ಕೇಳಬಾರದು ಎಂದುಕೊಂಡೇ ಕೇಳಿದೆ.

"ತಂಗಿ ನನ್ನನ್ನು ಹುಡುಕುತ್ತಾಳೇನೇ?"

"ಇಲ್ಲ ಟೀಚರ್."

"ಬೆಳಿಗ್ಗೆ ಎದ್ದು ಈ ಕಡೆ ಕೈ ತೋರಿಸುವುದಿಲ್ಲವಾ?"

"ಶಂಕ್ರಜ್ಜಿ ಎತ್ಕಂಡು ಅಂಗಡಿಗೆ ಒಯ್ತಾಳೆ. ಅಲ್ಲಿ ಬಸ್ಸು ಬರ್ತಾವಲ್ಲ, ಅದನ್ನ ನೋಡಿ ನಗತಾಳೆ."

ಬಸ್ಸು ನೋಡಿ ನಗುವ ಮಗು ಎಂದು ನನಗೆ ಗೊತ್ತೇ ಇರಲಿಲ್ಲ. ನಮ್ಮ ಜಗಲಿಯಿಂದ ಬಸ್ಸು ಕಾಣುವುದಿಲ್ಲ.

ಆಮೇಲೆ ರಕ್ಷಾ, "ನಿನ್ನೆಯಿಂದ ಭೇದಿ ಆಗೈತೆ" ಎಂದಳು.

ಆ ಕ್ಷಣ ನನಗೆ ಆದದ್ದು ದುಃಖವಲ್ಲ. ಇಲ್ಲಿ ಯಾರೂ ಓದುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ‘ನೋಡಿದೆಯಾ, ಬನ್ನು ತಿನ್ನಿಸಿದರೆ ಇನ್ನೇನಾಗುತ್ತದೆ’ ಎಂದು ಒಳಗೆ ಯಾರೋ ಚಪ್ಪಾಳೆ ತಟ್ಟಿದಂತಾಯಿತು. ರಕ್ಷಾಳ ಕೈಯಲ್ಲಿ ಉಪ್ಪು ಸಕ್ಕರೆಯ ಪುಡಿಯ ಪೊಟ್ಟಣಗಳನ್ನು ಕೊಟ್ಟು ಕಳಿಸಿದೆ. ‘ಟೀಚರ್ ಕೊಟ್ಟರು ಅಂತ ಹೇಳು’ ಎಂದೂ ಹೇಳಿದೆ.

ಜುಲೈ 28, ಭಾನುವಾರ

ಇಂದು ಹೋದೆ. ನೀರು ಇಳಿದಿದೆ. ಅರ್ಧ ಜನ ಮನೆ ತೊಳೆದುಕೊಳ್ಳಲು ಹಿಂದಿರುಗಿದ್ದಾರೆ. ಗೋಡೆ ಬಿದ್ದವರು, ಮನೆ ಸೋರುವವರು ಮಾತ್ರ ಉಳಿದಿದ್ದಾರೆ. ಮಗು ಚಾಪೆಯ ಮೇಲೆ ಮಲಗಿತ್ತು. ಪಾದ ಊದಿವೆ. ಹೆಬ್ಬೆರಳಿನಿಂದ ಒತ್ತಿದರೆ ಕುಳಿ ಬಿದ್ದು ಹಾಗೇ ನಿಲ್ಲುತ್ತದೆ. ನೇತ್ರಾವತಿ ಅಳುವುದೊಂದು ಬಾಕಿ. "ಮೇಡಂ, ಇನ್ನು ತಡ ಮಾಡಿದ್ರೆ ಕೂಸು ಕೈಗೆ ಸಿಗಂಗಿಲ್ಲ. ನೀವಾದ್ರೂ ಹೇಳ್ರಿ."

ನಾನು ಗಾದ್ರಮ್ಮನಿಗೆ ಹೇಳಬೇಕಾಗಿತ್ತು. ಹೇಳಿದ್ದು ಶಂಕರಮ್ಮನಿಗೆ. "ತೃಪ್ತಿಯಾಯಿತೇ? ನಿನ್ನ ಕೈತುತ್ತಿನ ಫಲ ಇದು."

ಅವಳು ಮಿರ್ಚಿಗೆ ಕಲಸಿದ ಕಡ್ಲೆಹಿಟ್ಟಿನ ಕೈಯಲ್ಲೇ ಅಂಗಡಿಯಿಂದ ಓಡಿ ಬಂದಿದ್ದಳು. ಆ ಕೈ ನನ್ನ ಮುಖದ ಮುಂದೆ ಬಂತು. "ನಾನು ತಿನ್ನಿಸಿದ್ದು ಐದು ದಿನ ಕಣ್ರೀ. ನೀವು ವರ್ಷಗಟ್ಲೆ ತಿನ್ನಿಸಿದ್ರಲ್ಲ? ನಿಮ್ಮ ಕೈಯಾಗೇ ತಿಂದು ತಿಂದು ತಾನೇ ಕೆಂಪು ಪಟ್ಟಿಗೆ ಬಂದಿದ್ದು?"

ಉತ್ತರ ಇತ್ತು. ಬೆಳಗಿನ ಒಂದು ಹೊತ್ತು ಮಾತ್ರ ನನ್ನದು, ಉಳಿದ ಹೊತ್ತು ಮಗುವಿನ ಹೊಟ್ಟೆಗೆ ಏನು ಬೀಳುತ್ತಿತ್ತೋ ನನಗೇನು ಗೊತ್ತು ಎಂಬುದು. ಅದು ಬಾಯಿಯವರೆಗೆ ಬಂದಾಗ, ಒಂದು ವರ್ಷದಲ್ಲಿ ಒಂದು ಸಲವೂ ಆ ಮಾತನ್ನು ನಾನು ಯಾರನ್ನೂ ಕೇಳಿಲ್ಲ ಎನಿಸಿತು.

ಜುಲೈ 29, ಸೋಮವಾರ

ಮಧ್ಯಾಹ್ನ ಖಾನಾವಳಿಯಿಂದ ಹೋಗುವಾಗ ಗಾದ್ರಮ್ಮ ಮನೆಗೆ ಬಂದಳು. ಜಗಲಿಯ ಮೆಟ್ಟಿಲ ಮೇಲೆ ಕೂತಳು. ಒಳಗೆ ಬಾ ಎಂದರೂ ಬರಲಿಲ್ಲ.

"ಟೀಚರ್, ನನ್ ಮ್ಯಾಲೆ ಸಿಟ್ಟಾ?"

"ನಾನ್ಯಾಕೆ ಸಿಟ್ಟಾಗಲಿ. ನಿನ್ನ ಮಗು, ನಿನ್ನ ತೌಡು."

"ನೀವು ಇಂಥವೆಲ್ಲ ನಂಬಂಗಿಲ್ಲ ಅಂತ ಊರಿಗೇ ಗೊತ್ತು. ಆದ್ರೂ ಒಂದು ರಾತ್ರಿ ಎಲ್ಲಾ ಯೋಚನೆ ಮಾಡಿದೆ, ನಿಮ್ಮನ್ನೇ ಕೇಳ್ಲೋ ಶಂಕರಮ್ಮನ್ನ ಕೇಳ್ಲೋ ಅಂತ."

"ಮತ್ತೆ?"

"ಶಂಕರಮ್ಮಗೆ ಕೊಟ್ರೆ ವಾಪಸ್ ಬರ್ತಾಳೆ. ಅವಳ ಹತ್ರ ಇಟ್ಕಳಾಕೆ ಏನೈತೆ? ಸೋರೋ ಮನೆ, ಎಣ್ಣೆ ಬಾಣ್ಲಿ. ನಿಮಗೆ ಕೊಟ್ರೆ..." ಸೆರಗಿನ ತುದಿ ಸುತ್ತಿದಳು. "ನಿಮಗೆ ಕೊಟ್ರೆ ನಿಮ್ಮೋಳೇ ಆಗಿಬಿಡ್ತಾಳೆ. ಈ ಮನೆ ನೋಡಿ, ಪುಸ್ತಕ ನೋಡಿ, ಐದು ತುಂಬಿದ್ಮ್ಯಾಲೆ ನಾನು ಯಾವ ಬಾಯಾಗೆ ಬಾ ಅಂತ ಕರೀಲಿ? ಯುಗಾದಿ ದಿನ ನೀವು ಅಂದಿದ್ರಲ್ಲ, ಇವಳನ್ನ ನನಗೇ ಕೊಟ್ಟುಬಿಡು ಗಾದ್ರಿ, ಓದಿಸಿ ಮನುಷ್ಯಳನ್ನಾಗಿ ಮಾಡ್ತೀನಿ ಅಂತ."

"ತಮಾಷೆಗೆ ಅಂದದ್ದು."

"ಶಂಕರಮ್ಮ ಅಂದಿದ್ರೆ ತಮಾಷೆ. ನಿಮ್ಮಂಥೋರು ಅಂದ್ರೆ ನನಗೆ ನಿದ್ದಿ ಬರಂಗಿಲ್ಲ ಟೀಚರ್."

ಎದ್ದು ಹೋದಳು. ಹೌದು, ಅಂದಿದ್ದೆ. ಅದರಲ್ಲಿ ತಪ್ಪೇನು? ಓದಿಸುತ್ತಿದ್ದೆ. ಹಸಿರು ಪಟ್ಟಿಗೆ ತರುತ್ತಿದ್ದೆ. ಮಾತೆತ್ತಿದರೆ ಸರ್ಕಾರವನ್ನು ಬೈಯುವ ನಾನೇ, ಆ ಹೆಂಗಸಿನ ಕಣ್ಣಿಗೆ, ಬಂದು ಒಯ್ದುಬಿಡುವವರ ಪೈಕಿಯೇ? ವರ್ಷವಿಡೀ ಅವಳು ಮಗುವನ್ನು ಕಳಿಸಿ, ಪ್ರತಿದಿನವೂ ಅದು ವಾಪಸ್ ಬರುತ್ತದೋ ಇಲ್ಲವೋ ಎಂದು ಕಾಯುತ್ತಿದ್ದಳೇ? ಅನ್ನ ಹಾಕಿದ ಕೈಯ ಮೇಲೆ ಇಂಥ ಅನುಮಾನ!

ದೀಪ ಆರಿಸಿದ ಮೇಲೆ ಇನ್ನೊಂದು ಹೊಳೆಯಿತು. ಅವಳು ಎರಡು ವಾರ ಹೋಗಲಾರೆ ಎಂದಾಗ ನಾವ್ಯಾರೂ ಅವಳ ಕಾರಣಗಳನ್ನು ಕಾರಣಗಳೆಂದೇ ತಿಳಿಯಲಿಲ್ಲ. ಮಗುವನ್ನು ನಾನೊಯ್ಯುತ್ತೇನೆ ಎಂದೆ. ಅವಳು ಮಾಡುವ ಕೆಲಸವನ್ನು ನಾನು ಮಾಡುತ್ತೇನೆ ಎನ್ನಲಿಲ್ಲ.

ಜುಲೈ 30, ಮಂಗಳವಾರ

ಚಿಕ್ಕದಾಗಿ ಬರೆಯುತ್ತೇನೆ, ಬೆಳಕಿಲ್ಲ.

ಬೆಳಿಗ್ಗೆ ಮಗು ಕಣ್ಣೇ ಬಿಡುತ್ತಿರಲಿಲ್ಲ. ನೇತ್ರಾವತಿ ಆಂಬುಲೆನ್ಸಿಗೆ ಫೋನ್ ಮಾಡಿಯೇಬಿಟ್ಟಿದ್ದಳು. ಗಾದ್ರಮ್ಮ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದವಳು, ರಕ್ಷಾಳನ್ನು ನೋಡಿ, ಚಾಪೆ ನೋಡಿ, ಅಲ್ಲೇ ಕಂಬದ ಹಾಗೆ ನಿಂತುಬಿಟ್ಟಳು.

ಶಂಕರಮ್ಮ ಒದರಿದಳು: "ಹತ್ತೇ ಮೂಳಿ! ಖಾನಾವಳಿ ಪಾತ್ರೆ ನಾನು ತಿಕ್ಕತೀನಿ. ಸಾವ್ಕಾರ ಏನಾರ ಅಂದ್ರೆ ಬಿಸಿ ಎಣ್ಣೆ ತಗಂಡೇ ಹೋಗ್ತೀನಿ. ಅಂಗಡಿ ಎರಡು ವಾರ ಮುಚ್ಚಿದ್ರೆ ಊರೇನು ಮಿರ್ಚಿ ಇಲ್ಲದೆ ಸಾಯಂಗಿಲ್ಲ."

ಅವಳು ಅಷ್ಟು ಹೇಳಿದ ಮೇಲೆ ನಾನು ಸುಮ್ಮನಿರಲಾಗುತ್ತದೆಯೇ? "ಗಾದ್ರಿ, ನಿನ್ನ ಜಾಗದಲ್ಲಿ ಇಲ್ಲಿ ನಾನು ಇರುತ್ತೇನೆ. ಕಂದಾಯದವರು ಬರುವವರೆಗೆ ಈ ಚಾಪೆ ಬಿಟ್ಟು ಏಳುವುದಿಲ್ಲ. ರಕ್ಷಾ ನನ್ನ ಜೊತೆ ಇರುತ್ತಾಳೆ, ಇಲ್ಲೇ. ನಮ್ಮ ಮನೆಯಲ್ಲಲ್ಲ" ಎಂದೆ. ‘ನಮ್ಮ ಮನೆಯಲ್ಲಲ್ಲ’ ಎಂದದ್ದು ಗಾದ್ರಮ್ಮನಿಗೆ ಕೇಳಿಸಿತು. ಆಗ ಹತ್ತಿದಳು.

ಹೊರಡುವಾಗ ಇನ್ನೊಂದು ತಕರಾರು. ಮೊದಲ ತುತ್ತು? ಕೊಂಡ ತಾಯಿ ಇಲ್ಲಿ, ಮಗು ಅಲ್ಲಿ. ನಾನು ಚೀಲದಲ್ಲಿಟ್ಟಿದ್ದ ಹುರಿದ ರಾಗಿಹಿಟ್ಟಿನ ಡಬ್ಬಿಗೆ ಶಂಕರಮ್ಮ ಕೈ ಹಾಕಿ, ಒಂದು ಹಿಡಿ ತೆಗೆದು ಬಟ್ಟೆಯ ತುಂಡಿನಲ್ಲಿ ಕಟ್ಟಿದಳು. "ದಿನಾ ಒಂದು ಚಿಟಿಕಿ ನಾಲಿಗಿಗೆ ಹಚ್ಚು. ನಾನು ಕೊಟ್ಟಂಗೆ ಆತು. ಆಮ್ಯಾಲೆ ಡಾಕ್ಟರು ಏನು ಕೊಡ್ತಾರೋ ಕೊಡ್ಲಿ."

ಹಿಟ್ಟು ನನ್ನದು, ಹೆಸರು ಅವಳದು. ಆ ಗಂಟನ್ನು ನಾನೇ ಗಾದ್ರಮ್ಮನ ಕೈಗಿಟ್ಟೆ. ಗಾಡಿಗೆ ತಡವಾಗುತ್ತಿತ್ತು.

ಆಗಸ್ಟ್ 1, ಗುರುವಾರ

ಗಂಜಿ ಕೇಂದ್ರ ಎಂದು ಎಷ್ಟು ಪತ್ರಗಳಲ್ಲಿ ಬರೆದಿದ್ದೇನೆ. ಅಲ್ಲಿ ಮಲಗುವುದು ಬೇರೆ. ನೆಲದ ತಂಪು ಚಾಪೆಯನ್ನೂ ದಾಟಿ ಬೆನ್ನಿಗೆ ಬರುತ್ತದೆ. ಕಕ್ಕಸಿಗೆ ಚಿಲಕ ಇಲ್ಲ. ಒಬ್ಬರು ಹೋದರೆ ಇನ್ನೊಬ್ಬರು ಬಾಗಿಲು ಹಿಡಿದು ನಿಲ್ಲಬೇಕು. ನನ್ನ ಬಾಗಿಲು ಶಂಕರಮ್ಮ ಹಿಡಿಯುತ್ತಾಳೆ. ಅವಳದ್ದು ನಾನು. ಆಗಲೂ ಒಳಗಿನಿಂದ ಮಾತಾಡುತ್ತಲೇ ಇರುತ್ತಾಳೆ.

ಊಟಕ್ಕೆ ಮೊಟ್ಟೆ ಕೊಟ್ಟರು. ರಕ್ಷಾ ತನ್ನದನ್ನು ದಾರದಿಂದ ಸೀಳಿ ಪಕ್ಕದ ಚಾಪೆಯ ಮಕ್ಕಳಿಗೆ ಹಂಚಿದಳು. "ನೀನು ತಿನ್ನೇ" ಎಂದೆ. "ಅರ್ಪಿತಾಂದೂ ಹಿಂಗೇ ಮಾಡ್ತಿದ್ವಿ ಟೀಚರ್. ನೀವು ಒಳಗೆ ನೀರು ತರಾಕೆ ಹೋದಾಗ ಅರ್ಧ ನಾನು ತಿಂತಿದ್ದೆ" ಎಂದಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು.

ಅವಳೂ ಹಸಿದೇ ಬರುತ್ತಿದ್ದಳು. ಒಂದು ವರ್ಷ ನಾನು ಒಂದೇ ಮೊಟ್ಟೆ ಬೇಯಿಸಿದೆ.

ಮಧ್ಯಾಹ್ನ ತಾಲ್ಲೂಕು ಕಚೇರಿಗೆ ಫೋನ್ ಮಾಡಿ, ಇಲ್ಲಿರುವ ಮಕ್ಕಳಿಗೆ ಹಾಲು ಯಾಕೆ ಬಂದಿಲ್ಲ ಎಂದು ಕೂಗಾಡಿದೆ. ಪತ್ರವಾಗಿದ್ದರೆ ತಿಂಗಳು ಹಿಡಿಯುತ್ತಿತ್ತು. ಸಂಜೆ ಹಾಲು ಬಂತು.

ಆಗಸ್ಟ್ 3, ಶನಿವಾರ

ಗಾದ್ರಮ್ಮನ ಫೋನ್. ಮಗು ಈಗ ಮೂಗಿನ ನಳಿಕೆ ಇಲ್ಲದೆ ಹಾಲು ಕುಡಿಯುತ್ತಿದೆಯಂತೆ. ಫೋನ್ ನನ್ನ ಕೈಯಲ್ಲಿತ್ತು. ಶಂಕರಮ್ಮ ಕಿವಿಯನ್ನು ಅದಕ್ಕೇ ಅಂಟಿಸಿದ್ದಳು.

"ಯಾರನ್ನಾದರೂ ಕೇಳುತ್ತಾಳಾ?" ಎಂದೆ.

"ನನ್ನ ಕೇಳ್ತಾಳೇನೇ?" ಎಂದಳು ಶಂಕರಮ್ಮ, ಅದೇ ಹೊತ್ತಿಗೆ.

"ಇನ್ನೂ ಮಾತೇ ಬರಂಗಿಲ್ವಲ್ರೀ ಅದಕ್ಕೆ" ಎಂದು ಗಾದ್ರಮ್ಮ ನಕ್ಕಳು.

ಶಂಕರಮ್ಮನ ಕೈಗಳು ಖಾನಾವಳಿಯ ಸೋಡಾ ಪುಡಿಯಿಂದ ಬಿರಿದಿವೆ. ಕೊಬ್ಬರಿ ಎಣ್ಣೆ ಕೊಟ್ಟೆ. "ಏನ್ರೀ, ನನಗೂ ತುತ್ತಿಡ್ತೀರೇನು?" ಎಂದಳು. ಇವಳಿಗೆ ಒಳ್ಳೆಯದನ್ನು ಮಾಡುವುದೂ ಕಷ್ಟ.

ಆಗಸ್ಟ್ 5, ಸೋಮವಾರ

ಕಂದಾಯದವರು ಬಂದರು. ಇಬ್ಬರು ಯುವಕರು. ಗಾದ್ರಮ್ಮ ಎಂದು ಕೂಗಿದಾಗ ನಾನು ಎದ್ದು ನಿಂತೆ.

"ನೀವಾ ಗಾದ್ರಮ್ಮ?"

"ಅಲ್ಲ. ಅವಳು ಮಗುವಿನ ಜೊತೆ ಆಸ್ಪತ್ರೆಯಲ್ಲಿದ್ದಾಳೆ. ಅವಳ ಬದಲು ನಾನಿದ್ದೇನೆ. ಇವಳು ದೊಡ್ಡ ಮಗಳು."

"ಮನೆಯೋರು ಇರಬೇಕಲ್ಲಮ್ಮ. ವಾಪಸ್ ಬಂದ ಮೇಲೆ ಅರ್ಜಿ ಕೊಡಾಕೆ ಹೇಳ್ರಿ."

ಅಷ್ಟು ಸಾಕಾಯಿತು. ನಾನು ಊರಿಗೆ ಬಂದ ವರ್ಷದ ಪ್ರವಾಹದಿಂದ ಶುರುಮಾಡಿದೆ. ಯಾರು ಎಲ್ಲಿ ನಿಂತು ಏನು ಹೇಳಿದರು, ಯಾವ ಸಭೆಯಲ್ಲಿ ಯಾವ ಗುಡ್ಡದ ಜಾಗ ತೋರಿಸಿದರು, ಆ ಜಾಗದಲ್ಲಿ ಈಗ ಯಾರ ಪೆಟ್ರೋಲ್ ಬಂಕ್ ಇದೆ, ಎಲ್ಲವನ್ನೂ. ಹುಡುಗರು ಗಡಿಯಾರ ನೋಡಿದರು. ಒಬ್ಬ ಚೀಲ ಹೆಗಲಿಗೇರಿಸಿದ.

ಶಂಕರಮ್ಮ ನನ್ನ ಸೊಂಟಕ್ಕೆ ತಿವಿದಳು. "ಭಾಷಣ ಸಾಕು, ಗ್ವಾಡೆ ತೋರಿಸ್ರೀ!" ಆ ಹುಡುಗನ ಕೈಯನ್ನೇ ಹಿಡಿದಳು. "ಬಾರಪ್ಪ, ಓಣಿ ಎರಡು ಹೆಜ್ಜಿ ಐತೆ. ಬಿದ್ದಿದ್ದು ಗ್ವಾಡೆ. ಅದು ಆಸ್ಪತ್ರೆಗೆ ಹೋಗಿಲ್ಲ, ಅಲ್ಲೇ ಐತೆ."

ಹುಡುಗ ನಕ್ಕುಬಿಟ್ಟ. ಹೋದೆವು. ಕುಸಿದ ಇಟ್ಟಿಗೆಯ ಪಕ್ಕದಲ್ಲಿ ರಕ್ಷಾಳನ್ನು ನಿಲ್ಲಿಸಿ ಫೋಟೊ ತೆಗೆದುಕೊಂಡರು. ಇದು ಆಗದೆ ಹೋದರೆ ಮುಂದಿನ ಪತ್ರ ಪತ್ರಿಕೆಗಲ್ಲ, ನಿಮ್ಮ ಮೇಲಧಿಕಾರಿಗೆ, ನಿಮ್ಮ ಹೆಸರು ಹಾಕಿ, ಎಂದು ನಾನು ಹೇಳಿದೆ. ಅವಳ ತಮಾಷೆ, ನನ್ನ ಬೆದರಿಕೆ ಎರಡೂ ಕೆಲಸ ಮಾಡಿದವು ಎಂದು ನನ್ನ ಅಂದಾಜು. ಶಂಕರಮ್ಮನ ಪ್ರಕಾರ ಅವಳದ್ದು ಮಾತ್ರ.

ಆಗಸ್ಟ್ 6, ಮಂಗಳವಾರ

ಕೇಂದ್ರ ಮುಚ್ಚಿತು. ಗಾದ್ರಮ್ಮನ ಮನೆಯ ಹಿಂದಕ್ಕೆ ತಾಡಪಾಲು ಕಟ್ಟಿದ್ದಾಯಿತು. ತಂದದ್ದು ನಾನು. ಆದರೆ ಮೇಲೆ ಹತ್ತಿ ಕಟ್ಟಿದವಳು ಶಂಕರಮ್ಮನಾದ್ದರಿಂದ ಓಣಿಯೆಲ್ಲ ‘ಶಂಕರಮ್ಮನ ತಾಡಪಾಲು’ ಎನ್ನುತ್ತಿದೆ. ರಕ್ಷಾ ರಾತ್ರಿ ಶಂಕರಮ್ಮನ ಮನೆಯಲ್ಲಿ ಮಲಗುತ್ತಾಳೆ. ನಾನೇ ಬಿಟ್ಟು ಬಂದೆ. ತಾಯಿ ಬರುವವರೆಗೆ ಓಣಿಯಲ್ಲೇ ಇರಲಿ.

ಆಗಸ್ಟ್ 9, ಶುಕ್ರವಾರ, ನಾಗರ ಪಂಚಮಿ

ಇಬ್ಬರೂ ದಾವಣಗೆರೆಗೆ ಹೋಗಿದ್ದೆವು. ನಾನು ಒಬ್ಬಳೇ ಹೋಗಬೇಕೆಂದಿದ್ದೆ. ಬಸ್ಸು ಹತ್ತಿದರೆ ಶಂಕರಮ್ಮ ಎಳ್ಳುಂಡೆಯ ಡಬ್ಬಿ ಹಿಡಿದು ಕಿಟಕಿಯ ಪಕ್ಕ ಕೂತಿದ್ದಾಳೆ! ಅವಳೂ ಒಬ್ಬಳೇ ಹೋಗಬೇಕೆಂದಿದ್ದಳಂತೆ.

ವಾರ್ಡಿನ ಬಾಗಿಲಲ್ಲೇ ಕಾಣಿಸಿತು. ಪಾದದ ಊತ ಇಳಿದಿದೆ. ಕೆನ್ನೆ ತುಸು ತುಂಬಿದೆ. ಕೈಯಲ್ಲಿ ಚಮಚ ಹಿಡಿದು ಮಂಚಕ್ಕೆ ಬಡಿಯುತ್ತಿತ್ತು. ನಾನು ಕೈ ಚಾಚಿ "ಅರ್ಪಿತಾ" ಎಂದೆ. ಶಂಕರಮ್ಮ "ತೌಡೀ" ಎಂದಳು. ಮಗು ಇಬ್ಬರನ್ನೂ ಒಂದು ಸಲ ನೋಡಿತು. ಆಮೇಲೆ ಚಮಚ ಬಿಸಾಕಿ ಗಾದ್ರಮ್ಮನ ಹೆಗಲಿಗೆ ಮುಖ ಹುದುಗಿಸಿ ಅಳತೊಡಗಿತು. ನಾವು ಹೊರಡುವವರೆಗೂ ಮುಖ ತೆಗೆಯಲಿಲ್ಲ.

ಗಾದ್ರಮ್ಮ ಇಷ್ಟು ದಿನ ಮಗುವಿನೊಂದಿಗೆ ಹಗಲಿಡೀ ಇದ್ದದ್ದು ಇದೇ ಮೊದಲಂತೆ. "ನಿದ್ದೆಗಣ್ಣಾಗೆ ನನ್ನ ಮೂಗು ಹಿಡ್ಕಂತಾಳೆ ಟೀಚರ್, ನನಗೆ ಗೊತ್ತೇ ಇರ್ಲಿಲ್ಲ" ಎಂದಳು. ಅವಳ ಮುಖವೂ ತುಂಬಿಕೊಂಡಿದೆ. ಅಲ್ಲಿ ತಾಯಿಗೂ ಮೂರು ಹೊತ್ತು ಊಟ.

ವಾಪಸ್ ಬರುವಾಗ ಬಸ್ಸಿನಲ್ಲಿ ಶಂಕರಮ್ಮ ಎಳ್ಳುಂಡೆಯ ಡಬ್ಬಿ ತೆರೆದು ನನ್ನ ಮುಂದೆ ಹಿಡಿದಳು. "ತಿನ್ರೀ. ಹೆತ್ತೋಳೇ ಗೆದ್ದಳು." ತಿಂದೆ. ಬೆಲ್ಲ ಹೆಚ್ಚಾಗಿತ್ತು.

ಆಗಸ್ಟ್ 13, ಮಂಗಳವಾರ

ಬಂದರು. ತೋಳಿನ ಪಟ್ಟಿ ಹಳದಿ. ನೇತ್ರಾವತಿ ವಾರಕ್ಕೊಮ್ಮೆ ನೋಡುತ್ತಾಳೆ. ಹಸಿರಿಗೆ ಇನ್ನೂ ದೂರ ಇದೆ.

ಆಗಸ್ಟ್ 19, ಸೋಮವಾರ

ಗಾದ್ರಮ್ಮ ಬೆಳಿಗ್ಗೆ ತಾನೇ ಮಗುವನ್ನು ಎತ್ತಿಕೊಂಡು ಬಂದಳು. ಖಾನಾವಳಿಗೆ ಹೋಗುವ ಹೊತ್ತು. "ಸಂಜೆವರೆಗೂ ಇಟ್ಕಂತೀರಾ ಟೀಚರ್? ಡಾಕ್ಟರು ಹೊತ್ತೊತ್ತಿಗೆ ತಿನ್ನಿಸಬೇಕು ಅಂದಾರೆ." ಕೊಟ್ಟಳು. ಬಾಗಿಲವರೆಗೆ ಹೋಗಿ ತಿರುಗಿ ನೋಡಲಿಲ್ಲ.

ಅಂಬಲಿ ಆರಿತು. ಎರಡು ಮೊಟ್ಟೆಯೂ ಬೆಂದವು. ರಕ್ಷಾ ತನ್ನದನ್ನು ತಿಂದು ಶಾಲೆಗೆ ಹೋದಳು. ಶಂಕರಮ್ಮನ ಸುಳಿವಿಲ್ಲ. ಮಗು ಬಟ್ಟಲು ನೋಡಿ ಕೈ ಬಡಿಯತೊಡಗಿತು. ಹೊರಗೆ ಹೋಗಿ ಓಣಿಯ ತುದಿಯಿಂದ ಕೂಗಿದೆ: "ಏ ಶಂಕರಮ್ಮ! ಕೂಸು ಹಸಿದೈತೆ, ಬೇಗ ಬಂದು ತುತ್ತಿಟ್ಟು ಹೋಗು!" ಬಂದಳು, ಇಟ್ಟಳು, "ಉಪ್ಪು ಕಮ್ಮಿ" ಎಂದು ಹೇಳಿ ಹೋದಳು.

ಹಗಲು ಹೇಗೆ ಹೋಯಿತೋ. ಸಂಜೆಯಾಯಿತು, ದೀಪ ಹಚ್ಚುವ ಹೊತ್ತಾಯಿತು, ಗಾದ್ರಮ್ಮ ಬರಲಿಲ್ಲ. ಶ್ರಾವಣ ಸೋಮವಾರ, ಖಾನಾವಳಿಯಲ್ಲಿ ಜನ ಹೆಚ್ಚಿರಬೇಕು. ಮಗು ನನ್ನ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಮಲಗಿರಲಿ, ಬಂದಾಗ ಬರಲಿ ಎಂದುಕೊಂಡೆ. ಆಮೇಲೆ ಅವಳು ಅಲ್ಲಿ ಪಾತ್ರೆಯ ಮುಂದೆ ಕೂತು ಬಾಗಿಲ ಕಡೆ ಎಷ್ಟು ಸಲ ನೋಡಿರಬಹುದು ಎನಿಸಿತು. ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡು, ಶಾಲೆಯಿಂದ ಬಂದಿದ್ದ ರಕ್ಷಾಳ ಕೈ ಹಿಡಿದು ಹೊರಟೆ.

ಬಸ್ ಸ್ಟ್ಯಾಂಡಿನ ಬಳಿ ಶಂಕರಮ್ಮ ಬಾಣಲೆಯ ಹಿಂದಿನಿಂದಲೇ ಕೂಗಿದಳು: "ಎಲ್ಲಿಗ್ರೀ ಟೀಚರಮ್ಮ, ಕೂಸಿನ್ನ ಕದ್ಕಂಡು?"

"ಅವರವ್ವಂಗೆ ಕೊಡಾಕೆ" ಎಂದೆ.

ಖಾನಾವಳಿಯ ಹಿಂದೆ ಬಲ್ಬಿನ ಕೆಳಗೆ ಪಾತ್ರೆಗಳ ಗುಡ್ಡ. ಗಾದ್ರಮ್ಮ ನಮ್ಮನ್ನು ಕಂಡು ಎದ್ದು ನಿಂತಳು. ಮೊಣಕೈವರೆಗೆ ನೊರೆ, ಬೂದಿ. ಮಗು ಎಚ್ಚರವಾಗಿ ಅವಳತ್ತ ಬಗ್ಗಿತು.

"ಕೈ ಒದ್ದೆ ಐತೆ ಟೀಚರ್. ಇದೊಂದಿಷ್ಟು ಮುಗಿಸಿಬಿಡ್ತೀನಿ, ಅಲ್ಲಿತನ ಇಟ್ಕಂಡಿರ್ತೀರಾ?"

ಪಾತ್ರೆ ಬಹಳ ಇದ್ದವು. ಒಳ್ಳೆಯದೇ ಆಯಿತು, ನಿಧಾನವಾಗಿ ತಿಕ್ಕಲಿ ಎಂದುಕೊಂಡೆ. ಮಗು ಇನ್ನೂ ಅವಳತ್ತಲೇ ಬಗ್ಗುತ್ತಿತ್ತು.

ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ. "ಕೈ ತೊಳೆದುಕೋ" ಎಂದೆ. ಬೇಡ ಬೇಡ ಎಂದಳು. "ತೊಳೆದುಕೋ ಎಂದೆನಲ್ಲ." ಹೈಸ್ಕೂಲಿನ ದನಿ ಇನ್ನೂ ಸ್ವಲ್ಪ ಉಳಿದಿದೆ. ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ಕಟ್ಟೆಯ ಮೇಲೆ ಕೂತು ಮಗುವನ್ನು ತೆಗೆದುಕೊಂಡಳು. ಅದು ಅವಳ ಮೂಗು ಹಿಡಿಯಿತು. ನೋಡಿ ಹೊಟ್ಟೆ ಉರಿಯಿತು. ಅನ್ನದ ದೊಡ್ಡ ಪಾತ್ರೆಯ ತಳ ಸೀದು ಕರಕಾಗಿತ್ತು. ಅದನ್ನು ಮುಂದಕ್ಕೆ ಎಳೆದುಕೊಂಡು ತಿಕ್ಕತೊಡಗಿದೆ.